ಎನ್‌ಕೌಂಟರ್ ಎಂಬ ಸವಕಲು ಕಥೆ

ಎನ್‌ಕೌಂಟರ್ ಆದ ಮೇಲೆ ಹೊರಬರುವ ಪೊಲೀಸ್ ಹೇಳಿಕೆಯನ್ನು ಕಥೆಯೆಂದು ಓದಿದರೆ ಅದರಷ್ಟು ಸವಕಲು ಕಥೆ ಇನ್ನೊಂದು ಸಿಗಲಿಕ್ಕಿಲ್ಲ. ಆರೋಪಿಯನ್ನು ಮಹಜರಿಗೆ ಕರೆದೊಯ್ಯುತ್ತಾರೆ. ಅವನು ಕಲ್ಲು ತೂರುತ್ತಾನೆ, ಇಲ್ಲವೇ ಪಿಸ್ತೂಲಿಗೆ ಕೈ ಹಾಕುತ್ತಾನೆ. ಸಿಬ್ಬಂದಿಗೆ ಗಾಯವಾಗುತ್ತದೆ. ಗಾಳಿಯಲ್ಲಿ ಒಂದು ಗುಂಡು, ಶರಣಾಗೆಂಬ ಎಚ್ಚರಿಕೆ, ಆಮೇಲೆ ಆತ್ಮರಕ್ಷಣೆಗೆ ಮತ್ತೊಂದು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿರುತ್ತದೆ. ಊರು, ಹೆಸರು ಬದಲಾದರೂ ಘಟನೆಗಳ ಸರಣಿ ಅದೇ. ಕಥೆ ನಿಜವೇ ಇರಬಹುದು. ಆದರೆ ಹೇಳುವವರು ಒಂದೇ ಕಡೆಯವರು. ಅಲ್ಲ ಎನ್ನಬಹುದಾಗಿದ್ದವನು ಶವಾಗಾರದಲ್ಲಿ ಮಲಗಿರುತ್ತಾನೆ.

2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವಿನ ಕೊಲೆಯಾಯಿತು. ಬಿಹಾರದಿಂದ ಬಂದಿದ್ದ ಆರೋಪಿ ಅದೇ ದಿನ ಸಿಕ್ಕಿಬಿದ್ದ, ಅದೇ ದಿನ ಪೊಲೀಸರ ಗುಂಡಿಗೆ ಸತ್ತ. ಅವನು ಕಲ್ಲೆಸೆದು ಓಡಲು ನೋಡಿದ ಎಂಬುದು ಪೊಲೀಸರ ಹೇಳಿಕೆ. ಅಂದು ರಾಣೆಬೆನ್ನೂರಿನ ಚಹಾ ಅಂಗಡಿಗಳಲ್ಲಿ ಕಿವಿಗೆ ಬಿದ್ದದ್ದು ಒಂದೇ ಮಾತು: ‘ಚೊಲೋ ಆತು ಬಿಡ್ರಿ, ಕೋರ್ಟು ಕಚೇರಿ ತಿರುಗೂದು ತಪ್ಪಿತು.’ ಹೀಗೆ ಹೇಳಿದವರು ಕ್ರೂರಿಗಳಲ್ಲ, ಮನೆಯಲ್ಲಿ ಹೆಣ್ಣುಮಕ್ಕಳಿರುವವರು.

ಅವರ ಸಿಟ್ಟಿಗೆ ಕಾರಣ ಬೇಕಾದರೆ ದೂರ ಹೋಗಬೇಕಿಲ್ಲ. 2024ರ ಜನವರಿಯ ಹಾನಗಲ್ಲ ಅತ್ಯಾಚಾರ ಪ್ರಕರಣದ ಆರೋಪಿಗಳು ಮರುವರ್ಷದ ಮೇ ತಿಂಗಳಲ್ಲಿ ಜಾಮೀನು ಪಡೆದು ಹಾವೇರಿ ಉಪಕಾರಾಗೃಹದಿಂದ ಹೊರಬಂದರು. ಕಾರು, ಬೈಕುಗಳ ಮೆರವಣಿಗೆಯಲ್ಲಿ ನಗುತ್ತಾ, ಬೆರಳಲ್ಲಿ ವಿಜಯದ ಚಿಹ್ನೆ ತೋರಿಸುತ್ತಾ ಅಕ್ಕಿಆಲೂರು ಸೇರಿದರು. ಆ ವಿಡಿಯೊ ನೋಡಿದವರಿಗೆ ಕಾನೂನಿನ ಪಾಠ ಹೇಳಲು ಹೋಗುವವನಿಗೆ ಎದೆಗಾರಿಕೆ ಬೇಕು. ಮೆರವಣಿಗೆ ಹೋದವರಲ್ಲಿ ಕೆಲವರನ್ನು ಪೊಲೀಸರು ಮತ್ತೆ ಹಿಡಿದರು, ಅದು ಬೇರೆ ಮಾತು. ನ್ಯಾಯಾಲಯ ತಡ ಮಾಡಿದಷ್ಟೂ ಬಂದೂಕಿಗೆ ಅಭಿಮಾನಿಗಳು ಹೆಚ್ಚುತ್ತಾರೆ.

ಆದರೂ ಪೊಲೀಸರ ಈ ಎನ್‌ಕೌಂಟರ್ ಕಥೆಯನ್ನು ಒಮ್ಮೆ ಸಾಲುಸಾಲಾಗಿ ಪರೀಕ್ಷಿಸಿದ್ದುಂಟು. 2019ರ ಡಿಸೆಂಬರ್ 6ರ ಬೆಳಗಿನ ಜಾವ ಹೈದರಾಬಾದ್ ಬಳಿಯ ಚಟಾನ್‌ಪಲ್ಲಿಯಲ್ಲಿ ಪಶುವೈದ್ಯೆಯ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳು ಪೊಲೀಸ್ ವಶದಲ್ಲಿದ್ದಾಗಲೇ ಗುಂಡಿಗೆ ಬಲಿಯಾದರು. ದೇಶ ಪೊಲೀಸರ ಮೇಲೆ ಹೂವು ಸುರಿಯಿತು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಪಿಸ್ತೂಲು ಕಿತ್ತುಕೊಂಡರೆಂಬ ಮಾತು ನಂಬಲರ್ಹವಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಪೊಲೀಸರ ಮೇಲೆ ಕೊಲೆ ಮೊಕದ್ದಮೆ ನಡೆಯಬೇಕು ಎಂದಿತು ಆಯೋಗ. ಸತ್ತವರಲ್ಲಿ ಮೂವರು ಅಪ್ರಾಪ್ತರೆಂದೂ ಹೇಳಿತು. ಹೂವು ಸುರಿದವರಲ್ಲಿ ಎಷ್ಟು ಜನ ಆ ವರದಿ ಓದಿದರೋ!

ಸೇನೆಗೆ ವಿಶೇಷಾಧಿಕಾರವಿರುವ ಕಡೆಯೂ ಈ ಕಥೆಗೆ ಪೂರ್ತಿ ರಕ್ಷಣೆಯಿಲ್ಲ. ಮಣಿಪುರದಲ್ಲಿ ನಕಲಿ ಎನ್‌ಕೌಂಟರ್ ಎಂದು ಆರೋಪಿಸಲಾದ 1,528 ಸಾವುಗಳ ಕುರಿತ ಅರ್ಜಿಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ್ದು ಇದನ್ನೇ: ಸತ್ತವನು ಉಗ್ರನೇ ಆಗಿರಲಿ, ಅತಿಯಾದ ಬಲಪ್ರಯೋಗದ ಆರೋಪ ಬಂದರೆ ತನಿಖೆ ಆಗಲೇಬೇಕು.

ಹುಬ್ಬಳ್ಳಿಯ ಸಾವಿಗೆ ರಾಣೆಬೆನ್ನೂರು ಇರುವ ಹಾವೇರಿ ಜಿಲ್ಲೆಯವರು ಚಪ್ಪಾಳೆ ತಟ್ಟಿದ್ದು ನನಗೆ ಹೆಚ್ಚು ನೋವು ಕೊಟ್ಟಿತು. ಇದೇ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೊಂದಿಗೆ ಪೊಲೀಸರ ಗುಂಡಿಗೆ ಬಿದ್ದರು. ಅಂದಿನ ಬ್ರಿಟಿಷ್ ಸರ್ಕಾರದ ಕಣ್ಣಿಗೆ ಅವರು ಕಂದಾಯದ ಹಣಕ್ಕೆ ಕೈ ಹಾಕಿದ ಗುಂಪು, ಅಷ್ಟೇ. ಆ ಸರ್ಕಾರದ ಮಾತನ್ನೇ ಕೊನೆಯ ಮಾತೆಂದು ನಂಬಿದ್ದರೆ ನಾವಿಂದು ಅವರನ್ನು ಹುತಾತ್ಮರೆನ್ನುತ್ತಿರಲಿಲ್ಲ. 2008ರ ಜೂನ್ 10ರಂದು ಹಾವೇರಿ ಪೇಟೆಯಲ್ಲಿ ಗೊಬ್ಬರ ಕೇಳಲು ಬಂದವರ ಮೇಲೆ ಗೋಲಿಬಾರ್ ಆಗಿ ಇಬ್ಬರು ರೈತರು ಸತ್ತರು. ಪ್ರತಿವರ್ಷ ಆ ದಿನ ಸೇರುವ ರೈತರು ಸರ್ಕಾರಿ ವಿವರಣೆಯನ್ನು ಇವತ್ತಿಗೂ ಒಪ್ಪಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಪಕ್ಕದಲ್ಲೇ ಇದೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದದ್ದಕ್ಕೆ ಬ್ಯಾಡಗಿ ಎಪಿಎಂಸಿಗೆ ನುಗ್ಗಿದ ಜನ ವಾಹನಗಳಿಗೆ ಬೆಂಕಿ ಇಟ್ಟರು, ಪೊಲೀಸರ ಮೇಲೂ ಕಲ್ಲು ಬಿದ್ದವು. ಗುಂಡಿಗೆ ಯಾರೂ ಸಾಯಲಿಲ್ಲ. ಆಮೇಲೆ ಗುರುತು ಹಿಡಿದು ಬಂಧಿಸಿದರು, ಮೊಕದ್ದಮೆ ಹೂಡಿದರು. ಸಾವಿರಾರು ಜನರ ನಡುವೆ ಸಾಧ್ಯವಾದ ಈ ಸಂಯಮ, ವಶದಲ್ಲಿರುವ ಒಬ್ಬನ ಮುಂದೆ ಏಕೆ ಸಾಧ್ಯವಿಲ್ಲ ಎಂದು ಕೇಳುವುದು ತಪ್ಪೇ? ಬ್ಯಾಡಗಿಯ ಆ ಪೊಲೀಸರಿಗೆ ಹಾರ ಹಾಕಲು ಯಾರೂ ಬರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಹಾರದ ಬಗ್ಗೆ ಕಾನೂನೂ ಮಾತಾಡಿದೆ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯ ಪ್ರಕಾರ ಎನ್‌ಕೌಂಟರ್ ಸಾವಿಗೆ ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯವರು ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಘಟನೆಯ ಬೆನ್ನಲ್ಲೇ ಬಡ್ತಿ, ಶೌರ್ಯ ಪ್ರಶಸ್ತಿ ಕೊಡುವಂತಿಲ್ಲ. ನಾವು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ: ಹಾರ ಮೊದಲು, ತನಿಖೆ ಆಮೇಲೆ.

ಇಂಥ ಪ್ರತಿ ಸಾವಿನ ವಿಚಾರಣಾ ವರದಿಯನ್ನು ಸರ್ಕಾರ ಕನ್ನಡದಲ್ಲಿ ಜನರ ಮುಂದಿಡಲಿ. ಪೊಲೀಸರು ಹೇಳಿದ್ದು ನಿಜವೆಂದು ಅದರಲ್ಲಿ ಸಾಬೀತಾದರೆ ಗುಂಡು ಹಾರಿಸಿದ ಅಧಿಕಾರಿಗೂ ಅದೇ ರಕ್ಷೆ. ವರದಿ ಬರುವತನಕ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯ ಚಿತ್ರ ಹಾಕಬೇಡಿ.