ಕಿರುಮಾದರಿಗೆ ಬಂದ ಭಾರ

1970ರಲ್ಲಿ ಬ್ರಿಟನ್ನಿನಲ್ಲಿ ಪ್ರಸಾರ ಆರಂಭಿಸಿ 26 ಕಂತುಗಳಿಗೇ ಮುಗಿದುಹೋದ, ಗೆರ್ರಿ ಮತ್ತು ಸಿಲ್ವಿಯಾ ಆಂಡರ್ಸನ್ ದಂಪತಿಯ ‘ಯುಎಫ್‌ಒ’ ಎಂಬ ಅನ್ಯಗ್ರಹ ಆಕ್ರಮಣದ ಧಾರಾವಾಹಿಯನ್ನು ಮರಳಿ ನೋಡುವವರನ್ನು ಇಂದಿಗೂ ಬೆರಗುಗೊಳಿಸುವುದು ಡೆರೆಕ್ ಮೆಡ್ಡಿಂಗ್ಸ್ ಅವರ ಕಿರುಮಾದರಿಗಳು, ಅಂದರೆ ವಾಹನ, ಕಟ್ಟಡಗಳನ್ನು ಮೇಜಿನ ಅಳತೆಗೆ ಇಳಿಸಿ ಮಾಡಿದ ಪ್ರತಿಕೃತಿಗಳು. ಮಸ್ಕಿಯ ಎರೆಹೊಲದಲ್ಲಿ ಟ್ರ್ಯಾಕ್ಟರ್ ಎಬ್ಬಿಸಿದ ದೂಳು ಎಷ್ಟು ಸಾವಕಾಶವಾಗಿ ಇಳಿಯುತ್ತದೆ, ಸಿಂಧನೂರಿನ ಕಾಲುವೆಯ ತೂಬಿನಿಂದ ನೀರು ಎಷ್ಟು ಭಾರವಾಗಿ ಧುಮುಕುತ್ತದೆ ಎಂಬುದನ್ನು ಬಲ್ಲ ಕಣ್ಣನ್ನು ನಂಬಿಸುವುದು ಸುಲಭವಲ್ಲ. ಆಟಿಕೆಯಷ್ಟು ಪುಟ್ಟ ಗಾಡಿಯ ದೂಳು ಕ್ಷಣದಲ್ಲಿ ಕೂತುಬಿಡುತ್ತದೆ. ಅದಕ್ಕೆಂದೇ ಮೆಡ್ಡಿಂಗ್ಸ್ ಸೆಕೆಂಡಿಗೆ ಸುಮಾರು 120 ಚೌಕಟ್ಟುಗಳಂತೆ ಚಿತ್ರೀಕರಿಸಿ, ಮಾಮೂಲಿ ವೇಗದಲ್ಲಿ ತೋರಿಸಿ, ಒಂದು ಸೆಕೆಂಡನ್ನು ಐದರಷ್ಟು ಹಿಗ್ಗಿಸುತ್ತಿದ್ದರು. ಇನ್ನೂ ಸೊಗಸಾದದ್ದು ಅನ್ಯಗ್ರಹದವನ ಶಿರಸ್ತ್ರಾಣದ ಕಲ್ಪನೆ: ದೂರದ ಪಯಣದುದ್ದಕ್ಕೂ ಅವನು ಉಸಿರಾಡುವುದು ಅದರೊಳಗೆ ತುಂಬಿದ ಹಸಿರು ದ್ರವವನ್ನು, ಮತ್ತು ಆ ದ್ರವ ಬಸಿದುಹೋದಾಗ ಕಾಣುವ, ಹಸಿರು ಅಂಟಿದ ಮುಖ ಥೇಟ್ ಮನುಷ್ಯನದೇ.