ಹೊಗೆ ಬಂದು ಹೋದ ಮೇಲೆ

ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ನಮ್ಮ ಬೀದಿಗೆ ಫಾಗಿಂಗ್‌ನವರು ಬಂದರು. ಯಂತ್ರದ ಸದ್ದು ಕೇಳಿದ್ದೇ ತಡ, ಎಲ್ಲರೂ ಕಿಟಕಿ ಬಾಗಿಲು ಹಾಕಿಕೊಂಡೆವು. ಮೋಡ ಸರಿದು ಬಿಸಿಲೇರಿತ್ತು. ಬಿಳಿ ಹೊಗೆ ನೆಲದ ಹತ್ತಿರ ನಿಲ್ಲದೆ ಮಹಡಿ ದಾಟಿ ಮೇಲಕ್ಕೆ ಹೋಯಿತು. ಯಂತ್ರ ಹೊತ್ತ ಹುಡುಗನ ಮೂಗಿಗೆ ಒಂದು ಕರ್ಚೀಫು, ಕೈಗೆ ಗವಸಿಲ್ಲ. ಎದುರುಮನೆಯ ಅಜ್ಜಿ, “ಅಂತೂ ಬಂದ್ರಲ್ಲಪ್ಪ” ಎಂದು ಸಮಾಧಾನಪಟ್ಟರು.

ಆ ಸಮಾಧಾನವೇ ನನಗೆ ಚಿಂತೆ. ಫಾಗಿಂಗ್ ಸಾಯಿಸುವುದು ಹೊಗೆಯ ಹನಿ ತಾಗಿದ, ಹಾರುವ ಸೊಳ್ಳೆಯನ್ನು ಮಾತ್ರ. ಡೆಂಗಿ ಹರಡುವ ಈಡಿಸ್ ಕಚ್ಚುವುದು ಹಗಲು. ಉಳಿದ ಹೊತ್ತು ಮಂಚದ ಕೆಳಗೆ, ಪರದೆಯ ಹಿಂದೆ, ನೇತುಹಾಕಿದ ಬಟ್ಟೆಯ ಮರೆಯಲ್ಲಿ ಕೂತಿರುತ್ತದೆ. ಮುಚ್ಚಿದ ಕಿಟಕಿ ದಾಟಿ ಹೊಗೆ ಅಲ್ಲಿಗೆ ಹೋಗದು. ನೀರಿನೊಳಗಿನ ಮರಿಗಳಿಗಂತೂ ಅದರಿಂದ ಏನೂ ಆಗದು; ಏಳೆಂಟು ದಿನಕ್ಕೆ ಹೊಸ ಹಿಂಡು ಎದ್ದುಬರುತ್ತದೆ.

ಹಾಗೆಂದು ಫಾಗಿಂಗೇ ಬೇಡ ಎನ್ನಲಾರೆ. ಡೆಂಗಿ ಎದ್ದಾಗ ರೋಗಿಯ ಮನೆಯ ಸುತ್ತಮುತ್ತ ವೈರಸ್ ಹೊತ್ತ ಸೊಳ್ಳೆಗಳನ್ನು ಕೂಡಲೇ ಕೊಲ್ಲಬೇಕು. ಅದಕ್ಕೆ ಹೊಗೆ ಬೇಕು, ಗಾಳಿಯಿಲ್ಲದ ನಸುಕಿನಲ್ಲೋ ಮುಸ್ಸಂಜೆಯಲ್ಲೋ ಬೇಕು. ದೂರು ಬಂದಾಗಲೆಲ್ಲ, ಬಿಸಿಲಲ್ಲಿ, ಬೀದಿಯುದ್ದಕ್ಕೂ ಬಿಡುವುದು ತಪ್ಪು. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ, ಹೊಗೆ ಕಾಣದಿದ್ದರೆ ಕೆಲಸವೇ ಆಗಲಿಲ್ಲ ಎನ್ನುವವರು ನಾವೇ.

ಅತಿಯಾಗಿ ನೆಚ್ಚಿದ ಔಷಧಿ ಕೈಕೊಡುವುದನ್ನು ಈ ದೇಶ ಕಂಡಿದೆ. 1953ರಲ್ಲಿ ಡಿಡಿಟಿ ನಂಬಿ ಮಲೇರಿಯಾ ನಿಯಂತ್ರಣ ಶುರುವಾಯಿತು. ಅರವತ್ತರ ದಶಕದಲ್ಲಿ ಲಕ್ಷದ ಆಸುಪಾಸಿಗೆ ಇಳಿದ ಪ್ರಕರಣಗಳು 1976ರಲ್ಲಿ 64 ಲಕ್ಷ ದಾಟಿದವು. ಸೊಳ್ಳೆ ಔಷಧಿಗೆ ಒಗ್ಗಿಕೊಂಡದ್ದು ಅದಕ್ಕೊಂದು ಕಾರಣ. ಬಿಹಾರದಲ್ಲಿ ಕಾಲಾ ಅಜಾರ್ ರೋಗ ಹರಡುವ ಮರಳುನೊಣವೂ ಡಿಡಿಟಿಗೆ ಜಗ್ಗದಾದಾಗ ಬೇರೆ ಔಷಧಿಗೆ ಹೋಗಬೇಕಾಯಿತು.

ಹಳ್ಳಿಯಲ್ಲಿ ಕಾಣುವುದು ಇನ್ನೂ ಅಪಾಯದ ರೂಢಿ. ದನಕ್ಕೆ ನೊಣ ಕಚ್ಚುತ್ತದೆಂದು ಬೆಳೆಗೆ ಹೊಡೆದು ಉಳಿದ ಔಷಧಿಯನ್ನೇ ಕೊಟ್ಟಿಗೆಗೆ ಸಿಂಪಡಿಸುತ್ತಾರೆ. ಡಬ್ಬಿಯ ಮೇಲಿನ ಕೆಂಪು ತ್ರಿಕೋನ ಅತಿ ವಿಷದ ಗುರುತು, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಯಾವುದಕ್ಕೆ, ಎಷ್ಟು ಎಂಬುದು ಡಬ್ಬಿಯ ಚೀಟಿಯಲ್ಲೇ ಇರುತ್ತದೆ. ದನಕ್ಕೆ ಕಚ್ಚುವ ಆ ನೊಣ ಮೊಟ್ಟೆಯಿಡುವುದು ಗಂಜಲದಲ್ಲಿ ನೆನೆದ ಹುಲ್ಲು, ಸಗಣಿಯಲ್ಲಿ. ಅದನ್ನು ತೆಗೆದು ಒಣಗಿಸಿದರೆ ಅರ್ಧಕ್ಕರ್ಧ ಔಷಧಿಯೇ ಬೇಡ.

ಇನ್ನು ಸೊಳ್ಳೆಮರಿ ಕೊಲ್ಲಲು ನೀರಿಗೆ ಹಾಕುವ ಟೆಮಿಫಾಸ್‌ನ ಅಳತೆ ನೋಡಿ: 10 ಲೀಟರ್ ನೀರಿಗೆ 2.5 ಮಿಲಿ ಬೆರೆಸಿ, ನಿಂತ ನೀರಿನ ಮೇಲೆ ಸಿಂಪಡಿಸುವುದು. ಮರಿ ಇರುವಲ್ಲಿಗೇ ಹೋಗುವ ಇಂಥ ಕೆಲಸಕ್ಕೆ ನನ್ನ ಪೂರ್ತಿ ಮತ. ಮರಿ ತಿನ್ನಲೆಂದು ಸಂಪಿನಲ್ಲಿ ಗಪ್ಪಿ ಮೀನು ಬಿಟ್ಟವರು ಪೈರೆಥ್ರಾಯ್ಡ್ ಸ್ಪ್ರೇಯನ್ನು ಅದರ ಹತ್ತಿರ ಒಯ್ಯಬಾರದು, ಮೀನು ಸಾಯುತ್ತದೆ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಪಟ್ಟಣದ ಮನೆಗೆ 400 ರೂಪಾಯಿ ದಂಡ ಗೊತ್ತುಮಾಡಿತು. ದಂಡಕ್ಕಿಂತ ನನಗೆ ನಾಟಿದ್ದು ಫಾಗಿಂಗ್ ಆದ ಮೂರನೇ ದಿನ ಬಂದ ಆಶಾ ಕಾರ್ಯಕರ್ತೆ. ಫ್ರಿಜ್ಜಿನ ಹಿಂದಿನ ತಟ್ಟೆಗೆ ಟಾರ್ಚ್ ಬಿಟ್ಟರು. ತಲೆ ಕೆಳಗಾಗಿ ತೂಗುತ್ತಿದ್ದ ಮರಿಗಳು ಬೆಳಕು ಬಿದ್ದೊಡನೆ ಕುಣಿಯುತ್ತ ತಳಕ್ಕಿಳಿದವು. ನೀರು ಚೆಲ್ಲಿ ನಾನು ಎದ್ದೆ. ಅವರು ಏಳಲಿಲ್ಲ. “ಮೊಟ್ಟೆ ಅಂಚಿಗೆ ಅಂಟ್ಕೊಂಡಿರುತ್ತೆ ಸರ್, ಒಣಗಿದ್ರೂ ತಿಂಗಳುಗಟ್ಲೆ ಸಾಯಲ್ಲ. ಒಂಚೂರು ತೆಂಗಿನ ನಾರು ಕೊಡಿ” ಎಂದರು.