ಮಗು ಕಣ್ಣು ಬಿಡುವ ಹೊತ್ತು

ಟಾನ್ಸಿಲ್ ಆಪರೇಷನ್ ಮುಗಿಸಿ ಡಾಕ್ಟರು ಹೊರಗೆ ಬಂದು ‘ಎಲ್ಲ ಚೆನ್ನಾಗಿ ಆಯ್ತು’ ಎನ್ನುವ ಹೊತ್ತಿಗೆ ಮಗು ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಹೆತ್ತವರ ಪಾಲಿನ ಕಷ್ಟ ಶುರುವಾಗುವುದೇ ಅಲ್ಲಿಂದ. ನಮ್ಮ ಊರು ಹೊಳಲಿನಿಂದ, ಸುತ್ತಲಿನ ಊರುಗಳಿಂದ ಮಕ್ಕಳನ್ನು ಮಂಡ್ಯಕ್ಕೋ ಮೈಸೂರಿಗೋ ಕರೆದೊಯ್ದು ಗಂಟಲಿನ ಗಡ್ಡೆ ತೆಗೆಸಿದವರನ್ನು ಕೇಳಿ ನೋಡಿ. ಗಡ್ಡೆ ಕೊಯ್ದದ್ದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ; ಎಚ್ಚರಾದಾಗ ಮಗು ಮಾಡಿದ ರಂಪ ಮಾತ್ರ ವರ್ಷಗಟ್ಟಲೆ ನೆನಪಿರುತ್ತದೆ. ಅರಿವಳಿಕೆ ಕೊಡುವ ವಿದ್ಯೆ ನಮ್ಮಲ್ಲಿ ಬಹಳ ಮುಂದುವರಿದಿದೆ. ಅದರಿಂದ ಮಗುವನ್ನು ಸಮಾಧಾನವಾಗಿ ಹೊರಗೆ ತರುವ ಪದ್ಧತಿ ಮಾತ್ರ ಹಿಂದೆಯೇ ಉಳಿದಿದೆ ಎಂಬುದು ನನ್ನ ತಕರಾರು.

ನಮ್ಮ ಬೀದಿಯ ಐದು ವರ್ಷದ ಹುಡುಗನೊಬ್ಬನನ್ನು ಓಟಿ, ಅಂದರೆ ಆಪರೇಷನ್ ಥಿಯೇಟರಿನಿಂದ ವಾರ್ಡಿಗೆ ತಂದು ಮಲಗಿಸಿದಾಗ ನಾನೂ ಅಲ್ಲಿದ್ದೆ. ಸ್ವಲ್ಪ ಹೊತ್ತಿಗೆಲ್ಲ ಕಿರುಚಲು ಶುರು ಮಾಡಿದ. ಕಣ್ಣು ತೆರೆದಿತ್ತು, ನೋಟ ಯಾರ ಮೇಲೂ ನಿಲ್ಲುತ್ತಿರಲಿಲ್ಲ. ಕಾಲು ಒದರಿದ, ಕೈಗೆ ಹಚ್ಚಿದ್ದ ಪ್ಲಾಸ್ಟರ್ ಕಿತ್ತ, ಡ್ರಿಪ್ಪಿನ ಪೈಪು ಎಳೆದ. ‘ನಾನು ಕಣೋ ಮಗ, ಅವ್ವ ಕಣೋ’ ಎಂದು ತಬ್ಬಲು ಹೋದವಳನ್ನೇ ದೂಕಿದ. ‘ಒಳಗೆ ಏನೋ ಕಂಡು ಬೆಚ್ಚವ್ನೆ, ದೃಷ್ಟಿ ತಗೀಬೇಕು’ ಅಂದರು ಅಜ್ಜಿ. ಆಯಾ ‘ಗಟ್ಟಿಯಾಗಿ ಹಿಡ್ಕಳಿ’ ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು. ಕಾಲು ಗಂಟೆಯಲ್ಲಿ ತಾನಾಗಿಯೇ ತಣ್ಣಗಾಗಿ ನಿದ್ದೆಗೆ ಜಾರಿದ. ಮತ್ತೆ ಎದ್ದಾಗ ಅವನಿಗೆ ಏನೂ ನೆನಪಿರಲಿಲ್ಲ, ನೀರು ಕೇಳಿದ. ಅಷ್ಟು ಹೊತ್ತು ಆ ತಾಯಿ ನನ್ನ ಮಗನ ತಲೆಗೆ ಏನೋ ಆಯಿತು ಎಂದುಕೊಂಡೇ ಅಳುತ್ತಿದ್ದಳು. ಹಾಗೇನೂ ಆಗಿಲ್ಲ ಎಂದು ಒಂದು ಮಾತು ಹೇಳುವವರು ಇರಲಿಲ್ಲ.

ವೈದ್ಯಲೋಕಕ್ಕೆ ಇದು ಹೊಸದಲ್ಲ. ಅಮೆರಿಕದ ಅರಿವಳಿಕೆ ತಜ್ಞ ಜೇಮ್ಸ್ ಎಕೆನ್‌ಹಾಫ್ 1953ರಲ್ಲೇ ಆಪರೇಷನ್ ಆದ ಮಕ್ಕಳ ನಡವಳಿಕೆ ಬದಲಾಗುವುದರ ಬಗ್ಗೆ ಬರೆದಿದ್ದರು. 1961ರಲ್ಲಿ ಸಹೋದ್ಯೋಗಿಗಳ ಜೊತೆ ಈ ಎಚ್ಚರದ ಹೊತ್ತಿನ ಉದ್ರೇಕವನ್ನು ವಿವರಿಸಿ, ಗಂಟಲಿನ ಆಪರೇಷನ್ ಆದವರಲ್ಲಿ ಅದು ಹೆಚ್ಚು ಎಂದರು. ಉಸಿರು ಕಟ್ಟಿದಂತಾಗುವುದು ಕಾರಣವಿರಬಹುದು ಎಂದು ಊಹಿಸಿದರು. ಆಮೇಲೆ, 1990ರಲ್ಲಿ ಜಪಾನಿನಲ್ಲಿ ಬಳಕೆಗೆ ಬಂದ ಸೆವೋಫ್ಲುರೇನ್ ಅನಿಲ ಮಕ್ಕಳ ಅರಿವಳಿಕೆಯನ್ನೇ ಬದಲಿಸಿತು. ಮೂಗಿಗೆ ಘಾಟಿಲ್ಲ, ಬೇಗ ಮಲಗಿಸುತ್ತದೆ, ಬೇಗ ಎಬ್ಬಿಸುತ್ತದೆ. ಹಿಂದಿನ ಹ್ಯಾಲೋಥೇನ್‌ಗಿಂತ ಎಷ್ಟೋ ವಾಸಿ. ಆದರೆ ಸೆವೋಫ್ಲುರೇನ್‌ನಿಂದ ಎದ್ದ ಮಕ್ಕಳಲ್ಲೇ ಈ ಭ್ರಮೆ, ಈ ಒದ್ದಾಟ ಜಾಸ್ತಿ ಕಂಡಿತು. ಎರಡರಿಂದ ಐದಾರು ವರ್ಷದವರಲ್ಲಿ ಹೆಚ್ಚು. ಎಷ್ಟು ಮಕ್ಕಳಿಗೆ ಆಗುತ್ತದೆ ಎಂದರೆ ಒಂದೊಂದು ಅಧ್ಯಯನ ಒಂದೊಂದು ಲೆಕ್ಕ ಕೊಡುತ್ತದೆ, ಶೇ 10ರಿಂದ 80ರವರೆಗೆ. ಒಬ್ಬೊಬ್ಬರು ಒಂದೊಂದು ರೀತಿ ಅಳೆದದ್ದೇ ಇದಕ್ಕೆ ಮುಖ್ಯ ಕಾರಣ. 2004ರಲ್ಲಿ ಕೆನಡಾದ ನ್ಯಾನ್ಸಿ ಸಿಕಿಚ್ ಮತ್ತು ಜೆರಾಲ್ಡ್ ಲರ್ಮನ್ ಒಂದು ಅಳತೆಗೋಲು ಕೊಟ್ಟರು: ಮಗು ಕಣ್ಣಿಗೆ ಕಣ್ಣಿಟ್ಟು ನೋಡುತ್ತದೆಯೇ, ಮಾಡುವುದಕ್ಕೆ ಗುರಿ ಇದೆಯೇ, ಸುತ್ತಲಿನ ಅರಿವಿದೆಯೇ, ಚಡಪಡಿಸುತ್ತಿದೆಯೇ, ಸಮಾಧಾನಕ್ಕೆ ಬಗ್ಗುತ್ತದೆಯೇ. ನೋವಿಗೆ ಅಳುವ ಮಗು ಅಮ್ಮನನ್ನು ಗುರುತಿಸುತ್ತದೆ. ಭ್ರಮೆಯಲ್ಲಿರುವ ಮಗು ಗುರುತಿಸುವುದಿಲ್ಲ. ಇಷ್ಟು ವ್ಯತ್ಯಾಸವನ್ನು ವಾರ್ಡಿನ ಸಿಸ್ಟರ್‌ಗೆ ಕಲಿಸಲು ಯಾವ ಯಂತ್ರವೂ ಬೇಡ.

ನಾವು ಎಡವುವುದು ಆಪರೇಷನ್ನಿನ ಹಿಂದಿನ ರಾತ್ರಿಯೇ. ‘ಹತ್ತು ಗಂಟೆ ಮೇಲೆ ಏನೂ ಕೊಡಬೇಡಿ’ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸುತ್ತಾರೆ. ಊಟಕ್ಕೆ ಆರು ಗಂಟೆಯ ಅಂತರ ಬೇಕು ನಿಜ. ಆದರೆ ತಿಳಿ ನೀರನ್ನು ಎರಡು ಗಂಟೆ ಮುಂಚಿನವರೆಗೂ ಕೊಡಬಹುದು ಎಂಬುದು ಎಷ್ಟೋ ವರ್ಷಗಳಿಂದ ಒಪ್ಪಿದ ಮಾತು. ಯುರೋಪಿನ ಮಕ್ಕಳ ಅರಿವಳಿಕೆ ಸಂಘಗಳು 2018ರಲ್ಲಿ ಅದನ್ನು ಒಂದು ಗಂಟೆಗೆ ಇಳಿಸಿದವು. ನಮ್ಮಲ್ಲಿ ಆಪರೇಷನ್ ಪಟ್ಟಿಯಲ್ಲಿ ಐದನೆಯದಾದ ಮಗು ಮಧ್ಯಾಹ್ನದವರೆಗೆ ಬಾಯಿ ಒಣಗಿಸಿಕೊಂಡು ಕೂತಿರುತ್ತದೆ. ಹಸಿದು, ಬಾಯಾರಿ, ಹೆದರಿ ಒಳಗೆ ಹೋದ ಮಗು ನಗುತ್ತಾ ಏಳಲಿ ಎಂದರೆ ಹೇಗೆ? ಅಮ್ಮನ ಸೊಂಟದಿಂದ ಕಿತ್ತು ಒಳಗೆ ಒಯ್ಯುವ ರೀತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಒಳಗೆ ಹೋಗುವಾಗಿನ ಭಯಕ್ಕೂ ಏಳುವಾಗಿನ ಭ್ರಮೆಗೂ ನಂಟಿದೆ ಎಂದು ಅಮೆರಿಕದ ಜೀವ್ ಕೇನ್ ಮತ್ತು ಸಂಗಡಿಗರು ತೋರಿಸಿದ್ದಾರೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ತಾಯಿಯನ್ನು ಓಟಿಯೊಳಗೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೇನ್ ಅವರೇ 1998ರಲ್ಲಿ ಹೋಲಿಸಿ ನೋಡಿದಾಗ, ಮೊದಲೇ ಮಿಡಜೋಲಾಮ್ ಎಂಬ ಮಂಪರಿನ ಔಷಧ ಕುಡಿಸಿದ ಮಕ್ಕಳು ಹೆತ್ತವರ ಜೊತೆ ಹೋದ ಮಕ್ಕಳಿಗಿಂತ ಕಡಿಮೆ ಹೆದರಿದ್ದರು. ನಡುಗುವ ತಾಯಿ ಮಗುವನ್ನೂ ನಡುಗಿಸುತ್ತಾಳೆ. ಹಾಗೆಯೇ, ಎದ್ದಾಗ ತಾಯಿ ಪಕ್ಕದಲ್ಲಿದ್ದರೆ ಭ್ರಮೆ ಬರುವುದೇ ಇಲ್ಲವೆಂದೂ ಅಲ್ಲ. ಭ್ರಮೆ ಇಳಿದ ಮರುಗಳಿಗೆ ಮಗು ಹುಡುಕುವುದು ಯಾರನ್ನು ಎಂಬುದಷ್ಟೇ ನನ್ನ ಪ್ರಶ್ನೆ. ಆ ಗಳಿಗೆಯಲ್ಲಿ ತಾಯಿ ಬಾಗಿಲಾಚೆ ಇರುವುದಕ್ಕೆ ಯಾವ ವೈದ್ಯಕೀಯ ಕಾರಣವೂ ನನಗೆ ಕಾಣುವುದಿಲ್ಲ. ಏನಾಗಬಹುದು ಎಂದು ಹಿಂದಿನ ದಿನವೇ ಹೇಳಿಟ್ಟರೆ ತಾಯಿಯೂ ಗಾಬರಿಯಾಗುವುದಿಲ್ಲ. ಬ್ರಿಟನ್ನಿನಲ್ಲಿ 1959ರ ಪ್ಲ್ಯಾಟ್ ವರದಿ ಆಸ್ಪತ್ರೆ ಸೇರಿದ ಮಕ್ಕಳನ್ನು ನೋಡಲು ಹೆತ್ತವರನ್ನು ತಡೆಯಬಾರದು ಎಂದಿತು. ನಮ್ಮ ಬಾಗಿಲುಗಳು ಇನ್ನೂ ಅರ್ಧ ಮಾತ್ರ ತೆರೆದಿವೆ.

ಔಷಧದ ಕಡೆ ದೂರು ಕಡಿಮೆ. ಎಚ್ಚರಿಸುವ ಮುಂಚೆ ಸ್ವಲ್ಪ ಪ್ರೊಪೊಫಾಲ್ ಅಥವಾ ಡೆಕ್ಸ್‌ಮೆಡೆಟೊಮಿಡಿನ್ ಕೊಟ್ಟರೆ ಒದ್ದಾಟ ತಗ್ಗುತ್ತದೆ. ಏಳುವುದು ಕೊಂಚ ತಡವಾಗುತ್ತದೆ, ಅಷ್ಟೆ. ಆಪರೇಷನ್ ನಡೆಯುವಾಗಲೇ ಡೆಕ್ಸಾಮೆಥಸೋನ್ ಒಂದು ಸಲ ಕೊಟ್ಟರೆ ವಾಂತಿಯೂ ನೋವೂ ಕಡಿಮೆ. ಜೊಲ್ಲು, ರಕ್ತ ಹೊರಗೆ ಹರಿಯಲಿ ಎಂದು ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು. ಅಂಗಾತ ಮಲಗಿಸಲು ಬಿಡಬೇಡಿ. ನೋವಿನ ಔಷಧ ಮಾತ್ರ ಅತ್ತ ಮೇಲೆ ಕೊಡುವುದಲ್ಲ, ಎಚ್ಚರಾಗುವ ಮುಂಚೆಯೇ ಮೈಯಲ್ಲಿರಬೇಕು. ಮನೆಗೆ ಹೋದ ಮೇಲೂ ಮಗುವಿನ ತೂಕ ನೋಡಿ ಡಾಕ್ಟರು ಬರೆದ ಪ್ಯಾರಸಿಟಮಾಲನ್ನು ಗಂಟೆ ನೋಡಿ ಕೊಡಬೇಕು. ಮನೆಯಲ್ಲಿ ಕೋಡೀನ್ ಇರುವ ಕೆಮ್ಮಿನ ಸಿರಪ್ ಇದ್ದರೆ ಮುಟ್ಟಬೇಡಿ. ಟಾನ್ಸಿಲ್ ತೆಗೆದ ಮಕ್ಕಳು ಕೋಡೀನ್‌ನಿಂದ ಸತ್ತ ಪ್ರಕರಣಗಳ ನಂತರ 2013ರಲ್ಲಿ ಅಮೆರಿಕ ಅದಕ್ಕೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿತು. ಮಲಗಿದಾಗ ಗೊರಕೆ ಹೊಡೆದು ಉಸಿರು ನಿಲ್ಲಿಸುವ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. ಅಂಥವರನ್ನು ಆ ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬೇಕು.

ಮನೆಯ ಹಿರಿಯರು ‘ತಣ್ಣಗಿನದು ಕೊಟ್ಟರೆ ಶೀತ’ ಎನ್ನುತ್ತಾರೆ. ಗಂಟಲಿಗೆ ತಣ್ಣಗಿನದೇ ಹಿತ, ಐಸ್ ಕ್ಯಾಂಡಿಯೂ ಆಗುತ್ತದೆ. ಎಳನೀರಿಗಂತೂ ಮದ್ದೂರಿನ ಕಡೆಯ ನಮಗೆ ಬರವಿಲ್ಲ. ಗಂಟಲಲ್ಲಿ ಬೆಳ್ಳಗೆ ಪದರ ಕಂಡರೆ ಅದು ಕೀವಲ್ಲ. ಮಲಗಿರುವ ಮಗು ಪದೇ ಪದೇ ನುಂಗುತ್ತಿದ್ದರೆ, ಬಾಯಲ್ಲಿ ಕೆಂಪು ಕಂಡರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಮೊದಲ ದಿನ ಮಾತ್ರವಲ್ಲ, ಐದರಿಂದ ಹತ್ತು ದಿನದ ನಡುವೆಯೂ ರಕ್ತ ಬರಬಹುದು.

ಮಕ್ಕಳ ಟಾನ್ಸಿಲ್ ಆಪರೇಷನ್ ಮಾಡುವ ಪ್ರತಿ ಆಸ್ಪತ್ರೆಯೂ ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸಲಿ. ನೀರು ಎಷ್ಟು ಗಂಟೆವರೆಗೆ ಕೊಡಬಹುದು, ಎದ್ದಾಗ ಮಗು ಹೇಗೆ ಆಡಬಹುದು, ಅದು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಅದರಲ್ಲಿರಲಿ. ಮಗು ಏಳುವ ಹಾಸಿಗೆಯ ಪಕ್ಕ ತಾಯಿಗೊಂದು ಕುರ್ಚಿ ಹಾಕಲಿ. ಇದಕ್ಕೆ ಬಜೆಟ್ಟಿನ ಮಂಜೂರಾತಿ ಬೇಕಿಲ್ಲ, ಈ ವಾರವೇ ಶುರು ಮಾಡಬಹುದು.